ಕುಳಿಯ ತಳದಲ್ಲೊಂದು ಕೆಂಪು ಚುಕ್ಕೆ

ಸಂಶೋಧನಾಲಯದ ಎರಡನೇ ಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಉದ್ದನೆಯ ಕೋಣೆಯಲ್ಲಿ ಕೂತು ಕೆಲಸ ಮಾಡುವ ಹೆಂಗಸನ್ನು ಅಲ್ಲಿ ಎಲ್ಲರೂ ಚೂರಿಯಕ್ಕ ಅನ್ನುತ್ತಿದ್ದರು. ಹೆಸರು ಕೇಳಿ ಹೊಸಬರು ಒಂದು ಗಳಿಗೆ ಗಾಬರಿಯಾಗುವುದುಂಟು. ಆಕೆ ಯಾರಿಗೂ ಚೂರಿ ಹಾಕಿದವಳಲ್ಲ. ಇಪ್ಪತ್ತೇಳು ವರ್ಷದಿಂದ ಆಕೆ ಮಾಡುತ್ತಿದ್ದದ್ದು ಒಂದೇ ಕೆಲಸ. ಮೇಣದ ಗಟ್ಟಿಯೊಳಗೆ ಹುದುಗಿಸಿಟ್ಟ ಮಾಂಸದ ತುಣುಕುಗಳನ್ನು ಯಂತ್ರದ ಬ್ಲೇಡಿಗೆ ಕೊಟ್ಟು, ಕೂದಲೆಳೆಯ ದಪ್ಪದ ಹದಿನೈದರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಸೀಳುವುದು. ಬಲಗೈ ಚಕ್ರ ತಿರುಗಿಸುತ್ತಿದ್ದರೆ ಬ್ಲೇಡಿನ ತುದಿಯಿಂದ ಮೇಣದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಹೊರಬರುತ್ತವೆ. ಅದನ್ನು ಕುಂಚದ ತುದಿಯಿಂದ ಎತ್ತಿ, ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಹೋದ ಮೇಲೆ ಗಾಜಿನ ಪಟ್ಟಿಯಲ್ಲಿ ಹಿಡಿದುಕೊಳ್ಳಬೇಕು. ಆ ಹೊತ್ತಿಗೆ ಯಾರಾದರೂ ಬಾಗಿಲು ದಢಾರೆಂದು ತೆಗೆದರೆ ಗಾಳಿಗೆ ರಿಬ್ಬನ್ ಹಾರಿಹೋಗುತ್ತದೆ. ಹಾಗಾಗಿ ಬಾಗಿಲಿಗೆ ಆಕೆಯೇ ಒಂದು ಚೀಟಿ ಅಂಟಿಸಿದ್ದಳು: "ಮೆಲ್ಲಗೆ. ಒಳಗೆ ಉಸಿರೂ ಬಿಗಿಹಿಡಿದಿದ್ದೇವೆ."

ಆ ಸೋಮವಾರ ಬೆಳಿಗ್ಗೆ ಆ ಚೀಟಿಯನ್ನು ಲೆಕ್ಕಿಸದೆ ಬಾಗಿಲು ತಳ್ಳಿಕೊಂಡು ಬಂದವಳು ಮೂರನೇ ಮಹಡಿಯ ಯುವ ಸಂಶೋಧಕಿ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಗಡಿಬಿಡಿ ಮೇಡಂ ಅನ್ನುತ್ತಿದ್ದರು. ಒಳ್ಳೆಯ ಹುಡುಗಿಯೇ. ಆದರೆ ನಡೆಯುವುದಕ್ಕೆ ಬಾರದವಳಂತೆ ಯಾವಾಗಲೂ ಓಡುತ್ತಿದ್ದಳು.

"ಅಕ್ಕಾ, ಎಲ್ಲೋ ಎಡವಟ್ಟಾಗಿದೆ. ಚೀಟಿ ಅದಲುಬದಲಾಗಿದೆ."

"ಯಾವ ಚೀಟಿ?"

"ಕರುಳಿನದ್ದು. ಮೂರನೇ ದಿನದ್ದು, ಐದನೇ ದಿನದ್ದು. ನಿಮ್ಮ ಕೋಣೆಯಿಂದ ಬರುವಾಗ್ಲೇ ಬದಲಾಗಿರಬೇಕು."

ಚೂರಿಯಕ್ಕ ಕುಂಚ ಕೆಳಗಿಟ್ಟಳು. ನೀರಿನ ಮೇಲಿನ ರಿಬ್ಬನ್ ಆಗಲೇ ಮುದುಡಿಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಆಕೆಯ ಮುಖ ಮುದುಡಿತು. ಇಪ್ಪತ್ತೇಳು ವರ್ಷದಲ್ಲಿ ಬ್ಲೇಡಿಗೆ ಬೆರಳು ಕೊಯ್ದುಕೊಂಡದ್ದುಂಟು, ಇಡೀ ತಟ್ಟೆಯನ್ನೇ ನೆಲಕ್ಕೆ ಬೀಳಿಸಿದ್ದೂ ಒಂದು ಸಲ ಉಂಟು. ಚೀಟಿ ತಪ್ಪಿದ್ದಿಲ್ಲ. ಪೆನ್ಸಿಲಿನಲ್ಲಿ ಬರೆದು, ಬಾಯಲ್ಲಿ ಹೇಳಿಕೊಂಡು, ಇನ್ನೊಮ್ಮೆ ನೋಡಿಯೇ ಆಕೆ ಮುಂದಿನದನ್ನು ಮುಟ್ಟುವವಳು.

"ಏನು ಕಂಡಿತು, ಅದನ್ನ ಹೇಳಿ ಮೊದಲು," ಅಂದಳು.

ಗಡಿಬಿಡಿ ಮೇಡಂ ಹೇಳಿದ್ದರಲ್ಲಿ ಅರ್ಧ ಚೂರಿಯಕ್ಕನಿಗೆ ಗೊತ್ತಿದ್ದದ್ದೇ. ಇಲಿಯದಾಗಲಿ ಮನುಷ್ಯನದಾಗಲಿ, ಸಣ್ಣ ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ದಟ್ಟವಾದ ಟವೆಲ್ಲಿನ ಹಾಗೆ ಸಾವಿರಾರು ಪುಟ್ಟ ಬೆರಳುಗಳು ಎದ್ದು ನಿಂತಿರುತ್ತವೆ. ಆಹಾರವನ್ನು ಹೀರುವುದು ಆ ಬೆರಳುಗಳ ಕೆಲಸ. ಬೆರಳುಗಳ ಬುಡದಲ್ಲಿ ಸಣ್ಣ ಸಣ್ಣ ಕುಳಿಗಳು. ಒಂದೊಂದು ಕುಳಿಯ ತಳದಲ್ಲೂ ಹತ್ತು ಹದಿನೈದು ಕಾಂಡಕೋಶಗಳು ಕೂತಿರುತ್ತವೆ. ಚೂರಿಯಕ್ಕ ಅವನ್ನು ತಾಯಿಕೋಶ ಎನ್ನುತ್ತಿದ್ದಳು. ಆ ತಾಯಂದಿರಿಗೆ ಹೆರುವುದೇ ಕೆಲಸ. ಹುಟ್ಟಿದ ಮರಿಕೋಶಗಳು ಕುಳಿಯ ಗೋಡೆ ಹಿಡಿದು ಮೇಲೇರಿ, ದಾರಿಯಲ್ಲೇ ಬೆಳೆದು ದೊಡ್ಡವಾಗಿ, ಬೆರಳಿನ ತುದಿ ಮುಟ್ಟಿ, ಉದುರಿಹೋಗುತ್ತವೆ. ಹುಟ್ಟಿನಿಂದ ಉದುರುವ ತನಕ ನಾಲ್ಕೈದು ದಿನದ ಬಾಳು.

ಮೇಡಂ ಮಾಡಿದ ಪ್ರಯೋಗವೂ ಸರಳವೇ. ಇಲಿಗಳಿಗೆ ವಿಕಿರಣ ಹಾಯಿಸಿ ಆ ತಾಯಿಕೋಶಗಳನ್ನು ಸಾಯಿಸುವುದು, ಆಮೇಲೆ ಗಾಯ ಹೇಗೆ ಮಾಯುತ್ತದೆಂದು ದಿನದಿನವೂ ನೋಡುವುದು. ತಾಯಿಕೋಶ ಇದ್ದಲ್ಲಿ ಹಸಿರಾಗಿ ಹೊಳೆಯುವ ಬಣ್ಣ ಹಾಕಿದ್ದರು. ಮೂರನೇ ದಿನದ ಗಾಜಿನಲ್ಲಿ ಹಸಿರು ಸುತರಾಂ ಇರಲಿಲ್ಲ. ಐದನೇ ದಿನದ್ದರಲ್ಲಿ ಎಷ್ಟೋ ಕುಳಿಗಳಲ್ಲಿ ಹಸಿರು.

"ಬೀಜಾನೇ ಸುಟ್ಟುಹೋದ ಮೇಲೆ ಪೈರು ಎಲ್ಲಿಂದ ಬರುತ್ತೆ ಅಕ್ಕಾ? ಅದು ವಿಕಿರಣ ಕೊಡದೇ ಇರೋ ಇಲಿ ಕರುಳೇ ಇರಬೇಕು. ಚೀಟಿ ಬದಲಾಗಿದೆ."

ಚೂರಿಯಕ್ಕ ಎದ್ದು, ಐದನೇ ದಿನದ ಗಾಜನ್ನು ತನ್ನ ಹಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದಳು. "ನೀವೇ ನೋಡಿ. ಬೆರಳುಗಳೆಲ್ಲಾ ಮೋಟಾಗಿವೆ. ಕುಳಿಗಳು ಊದಿಕೊಂಡಿವೆ. ಪೆಟ್ಟು ಬೀಳದೇ ಇರೋ ಕರುಳಲ್ಲಿ ಕುಳಿ ಸೂಜಿ ಮಾಡಿದ ತೂತಿನ ಹಾಗೆ ತೆಳ್ಳಗಿರುತ್ತೆ. ಇದು ಪೆಟ್ಟು ತಿಂದ ಕರುಳೇ. ಚೀಟಿ ಸರಿ ಇದೆ."

"ಹಾಗಾದ್ರೆ ಮೂರನೇ ದಿನದ್ದು ತಪ್ಪು."

"ಅದೂ ಸರಿ ಇದೆ."

"ಎರಡೂ ಸರಿ ಇರೋಕೆ ಹೇಗೆ ಸಾಧ್ಯ?" ಮೇಡಂ ದನಿ ಏರಿತು. "ಶುಕ್ರವಾರ ದೊಡ್ಡ ಸಾರ್ ಎದುರಿಗೆ ತೋರಿಸಬೇಕು ನಾನು. ಎಲ್ಲಾ ಮತ್ತೆ ಸೀಳಿ ಕೊಡಿ, ದಯವಿಟ್ಟು." ಬಂದ ಹಾಗೆಯೇ ದಢಾರೆಂದು ಬಾಗಿಲು ಹಾಕಿಕೊಂಡು ಹೋದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಚೂರಿಯಕ್ಕ ಗೊಣಗಿಕೊಂಡಳು. ಆದರೆ ಗೊಣಗಿದಷ್ಟು ಸುಲಭವಾಗಿ ಆ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಚೀಟಿ ಸರಿ ಇದೆ ಎಂದು ಆಕೆಗೆ ಗೊತ್ತು. ಸರಿ ಇದ್ದರೆ, ಬುಡದಲ್ಲಿ ಒಂದೂ ಉಳಿಯದ ಮೇಲೆ ಆ ಹಸಿರು ಬಂದದ್ದೆಲ್ಲಿಂದ?

ಸಂಜೆ ಮನೆ ಬಾಗಿಲಲ್ಲೇ ಗಂಡ ಸಿಕ್ಕಿದ. ವಿದ್ಯುತ್ ರಿಪೇರಿ ಮಾಡುವವನು, ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. "ಅಮ್ಮ ಗಂಜಿ ಕುಡೀಲಿಲ್ಲ. ಮಾತೂ ಆಡ್ತಿಲ್ಲ. ನೀನೇ ನೋಡು," ಅಂದ.

ಅತ್ತೆ ಮಾತಾಡುತ್ತಿಲ್ಲ ಎಂದರೆ ಅದು ಸಣ್ಣ ಸಂಗತಿಯಲ್ಲ. ಆಕೆ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಅಡುಗೆಮನೆಯಲ್ಲಿ ಮೂರು ಜನ ನಿಂತರೆ "ಮುಂದಕ್ಕೆ ಹೋಗಿ, ಮುಂದಕ್ಕೆ, ಜಾಗ ಇದೆ" ಅನ್ನುವವರು. ಚಳಿಗಾಲದ ಕೊನೆಗೆ ಆಕೆಗೆ ಗರ್ಭಕೋಶದ ಬಾಯಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಇಪ್ಪತ್ತೈದು ಸಲ ವಿಕಿರಣ ಕೊಡಬೇಕೆಂದು ವೈದ್ಯರು ಹೇಳಿದ್ದರು. ಅತ್ತೆಯ ಬಾಯಲ್ಲಿ ಅದು 'ಕರೆಂಟು'. ಹದಿನಾರು ಕರೆಂಟು ಆಗುವಷ್ಟರಲ್ಲಿ ಗಡ್ಡೆ ಕರಗತೊಡಗಿತ್ತು. ಜೊತೆಗೆ ಪಕ್ಕದಲ್ಲಿದ್ದ ಕರುಳೂ ಬೆಂದಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ಭೇದಿ, ಏನು ತಿಂದರೂ ನುಲಿತ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು, ನೀರು ಏರಿಸಿ, ಮಾತ್ರೆ ಕೊಟ್ಟು, "ಹತ್ತು ದಿನ ಬಿಡುವು. ಆಮೇಲೆ ಉಳಿದ ಒಂಬತ್ತು ಮುಗಿಸೋಣ" ಎಂದು ವೈದ್ಯರು ಮನೆಗೆ ಕಳಿಸಿದ್ದರು.

ಚೂರಿಯಕ್ಕ ಕೋಣೆಗೆ ಹೋದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅತ್ತೇ, ಎರಡು ಚಮಚ ಕುಡೀರಿ."

"ಬೇಡ ಕಣೇ. ಒಳಗೆ ಹೋದ ಹಾಗೇ ಹೊರಗೆ ಹೋಗುತ್ತೆ, ಯಾಕೆ ಸುಮ್ನೆ ಅದಕ್ಕೂ ಓಡಾಟ." ಗೋಡೆಯ ಕಡೆಗೇ ಅಂದರು, "ಆ ಒಂಬತ್ತು ನನಗೆ ಬೇಡ. ತೀರ್ಮಾನ ಮಾಡಿಬಿಟ್ಟಿದೀನಿ. ಒಳಗೆಲ್ಲಾ ಸುಟ್ಟುಹೋಗಿದೆ. ಸುಟ್ಟಿದ್ದು ಮತ್ತೆ ಬರುತ್ತಾ?"

"ಬರುತ್ತೆ ಅತ್ತೆ. ಕರುಳಿನ ಒಳಗಿನ ಪದರ ನಾಲ್ಕೈದು ದಿನಕ್ಕೊಂದು ಸಲ ಪೂರ್ತಿ ಹೊಸದಾಗುತ್ತೆ."

ಅತ್ತೆ ಈ ಕಡೆ ತಿರುಗಿದರು. "ಸುಳ್ಳು ಹೇಳ್ಬೇಡ. ಮೈ ಮೇಲಿನ ಗಾಯಕ್ಕೇ ಹದಿನೈದು ದಿನ ಬೇಕು."

"ನಿಜವಾಗ್ಲೂ. ಹೋದ ವಾರ ನಿಮ್ಮ ಹೊಟ್ಟೆಯೊಳಗೆ ಊಟ ಹೀರಿಕೊಂಡ ಕೋಶ ಇವತ್ತು ಅಲ್ಲಿಲ್ಲ. ಅವು ಕೆಳಗೆ ಕುಳೀಲಿ ಹುಟ್ಟಿ, ಒಂದರ ಹಿಂದೆ ಒಂದು ಮೇಲಕ್ಕೆ ಹತ್ತಿ, ತುದೀಲಿ ಉದುರಿಹೋಗ್ತವೆ."

ಅತ್ತೆಯ ಕಣ್ಣಿನಲ್ಲಿ ಎಷ್ಟೋ ದಿನದ ಮೇಲೆ ಏನೋ ಅಲುಗಾಡಿತು. "ಅಂದ್ರೆ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಕ್ಕೆ ಮುಂದಕ್ಕೆ ಅಂತ ತಳ್ಳಿಸ್ಕೊಂಡು, ಕೊನೇ ಸ್ಟಾಪಲ್ಲಿ ಇಳಿಯೋದು."

"ಹಾಗೇ ಅನ್ನಿ."

"ಹತ್ತೋರು ಎಲ್ಲಿಂದ ಬರ್ತಾರೆ?"

"ಬುಡದಲ್ಲಿ ತಾಯಿಕೋಶ ಅಂತ ಇರ್ತವೆ. ಅವು ಹೆರ್ತಾನೇ ಇರ್ತವೆ."

"ಕರೆಂಟು ಆ ತಾಯಂದಿರನ್ನ ಸುಡಲ್ವಾ?"

ಚೂರಿಯಕ್ಕ ಗಂಜಿಯ ಬಟ್ಟಲಲ್ಲಿ ಚಮಚ ಆಡಿಸಿದಳು. ಸಮಾಧಾನಕ್ಕೆಂದು ಏನಾದರೂ ಹೇಳಿಬಿಡಬಹುದಿತ್ತು. ಆದರೆ ಮೂವತ್ತೊಂದು ವರ್ಷ ಟಿಕೆಟ್ ತೆಗೆಯದವರ ಮುಖ ನೋಡಿಯೇ ಕಂಡುಹಿಡಿದ ಹೆಂಗಸಿನ ಎದುರಿಗೆ ಸುಳ್ಳು ನಿಲ್ಲುವುದಿಲ್ಲ.

"ಸುಡುತ್ತೆ. ಅವೇ ಮೊದಲು ಸಾಯೋದು."

"ಮತ್ತೆ?"

"ಆದ್ರೂ ವಾಸಿಯಾಗುತ್ತೆ ಅತ್ತೆ. ಇಲೀಲಿ ಐದೇ ದಿನಕ್ಕೆ ಆಗಿದೆ, ಕಣ್ಣಾರೆ ನೋಡಿದೀನಿ. ಹೇಗೆ ಅಂತ ಗೊತ್ತಿಲ್ಲ. ಇವತ್ತು ಅದಕ್ಕೇ ಆಫೀಸಲ್ಲಿ ಬೈಸ್ಕೊಂಡು ಬಂದೆ."

"ಯಾರು ಬೈದಿದ್ದು?" ಅತ್ತೆ ಮೊಣಕೈ ಊರಿ ಅರ್ಧ ಎದ್ದರು. ಸೊಸೆಯನ್ನು ಬೈಯುವ ಹಕ್ಕು ಈ ಜಗತ್ತಿನಲ್ಲಿ ತನ್ನೊಬ್ಬಳದೇ ಎಂಬುದು ಅವರ ನಂಬಿಕೆ. ಚೂರಿಯಕ್ಕ ಚೀಟಿಯ ಕಥೆಯನ್ನೆಲ್ಲ ಹೇಳಿದಳು. ಅತ್ತೆ ಕೇಳುತ್ತಾ ಕೇಳುತ್ತಾ ಗೊತ್ತೇ ಆಗದೆ ನಾಲ್ಕು ಚಮಚ ಗಂಜಿ ಕುಡಿದರು.

"ಯಾರೋ ಒಬ್ಬರು ಅಲ್ಲೇ ಅವಿತುಕೊಂಡಿರಬೇಕು," ಎಂದರು ಕೊನೆಗೆ. "ಹುಡುಕು. ಸೀಟಿನ ಕೆಳಗೆ ಬಗ್ಗಿ ನೋಡಿದ್ರೆ ಸಿಕ್ಕೇ ಸಿಗ್ತಾರೆ."

ಮರುದಿನ ಬೆಳಿಗ್ಗೆ ಚೂರಿಯಕ್ಕ ಯಂತ್ರಕ್ಕೆ ಹೊಸ ಬ್ಲೇಡು ಹಾಕಿದಳು. ಮತ್ತೆ ಸೀಳಿ ಕೊಡಿ ಎಂದಿದ್ದರಲ್ಲ, ಸೀಳಬೇಕು. ಆದರೆ ಹೇಗೆ ಸೀಳುವುದು ಎಂಬುದು ಆಕೆಯ ಕೈಯಲ್ಲಿತ್ತು. ಯಾವಾಗಲೂ ಮಾಡುವ ಕ್ರಮವೆಂದರೆ ಹತ್ತು ಪದರ ಸೀಳಿ, ಒಂದನ್ನು ಇಟ್ಟುಕೊಂಡು, ಒಂಬತ್ತನ್ನು ಕಸಕ್ಕೆ ಹಾಕುವುದು. ಎಲ್ಲವನ್ನೂ ಇಟ್ಟುಕೊಳ್ಳಲು ಯಾರಿಗೂ ಪುರಸೊತ್ತಿಲ್ಲ. ಒಂದು ಕುಳಿಯ ಅಗಲ ಹೆಚ್ಚೆಂದರೆ ಹತ್ತು ಪದರ. ಅಂದರೆ ಇಷ್ಟು ದಿನ ಒಂದು ಕುಳಿಯಲ್ಲಿ ನೋಡಿದ್ದು ಒಂದೇ ಒಂದು ಪದರ. ಉಳಿದ ಒಂಬತ್ತರಲ್ಲಿ ಯಾರಿದ್ದರು ಎಂದು ಕೇಳಿದವರೇ ಇಲ್ಲ.

ಆಕೆ ನಾಲ್ಕನೇ ದಿನದ ಮೇಣದ ಗಟ್ಟಿಯನ್ನು ಆರಿಸಿಕೊಂಡಳು. ಮೂರಕ್ಕೆ ಏನೂ ಇಲ್ಲ, ಐದಕ್ಕೆ ಇದೆ ಎಂದಮೇಲೆ ನಡೆದದ್ದು ಆ ನಡುವೆಯೇ. ಒಂದು ಪದರವನ್ನೂ ಬಿಸಾಡದೆ ನೂರಿಪ್ಪತ್ತು ಪದರ ಸೀಳಿದಳು. ಉಸಿರು ಬಿಗಿಹಿಡಿದು, ಕುಂಚದಿಂದ ಎತ್ತಿ, ತೇಲಿಬಿಟ್ಟು, ಗಾಜಿಗೆ ಹಿಡಿದು, ಪೆನ್ಸಿಲಿನಲ್ಲಿ ಅಂಕಿ ಬರೆದು, ಬಾಯಲ್ಲಿ ಹೇಳಿಕೊಂಡು. ಸಂಜೆಯ ಹೊತ್ತಿಗೆ ಹೆಗಲು ಕಲ್ಲಾಗಿತ್ತು.

ಬಣ್ಣ ಹಾಕುವಾಗ ಆಕೆಗೆ ಇನ್ನೊಂದು ನೆನಪಾಯಿತು. ಈ ಇಲಿಗಳಲ್ಲಿ ಹಸಿರೊಂದೇ ಅಲ್ಲ, ಕೆಂಪು ಗುರುತೂ ಇತ್ತು. ಬುಡ ಬಿಟ್ಟು ಮೇಲೇರತೊಡಗಿದ ಅರ್ಧ ಬೆಳೆದ ಕೋಶಗಳಿಗೆ, ವಿಕಿರಣ ಕೊಡುವ ಹಿಂದಿನ ದಿನ ಒಂದು ಔಷಧಿ ಕೊಟ್ಟು ಕೆಂಪು ಗುರುತು ಹಚ್ಚಿದ್ದರು. ಅದು ಅಳಿಸುವ ಗುರುತಲ್ಲ. ಆ ಕೋಶಕ್ಕೆ ಮಕ್ಕಳಾದರೆ ಮಕ್ಕಳೂ ಕೆಂಪೇ, ಮೊಮ್ಮಕ್ಕಳೂ ಕೆಂಪೇ. ಮೇಲೇರುವವು ಎಷ್ಟು ಬೇಗ ಉದುರುತ್ತವೆ ಎಂದು ನೋಡಲು ಮೇಡಂ ಅದನ್ನು ಮಾಡಿಸಿದ್ದಳು. ಆ ಪ್ರಶ್ನೆ ಹಿಂದೆ ಬಿದ್ದು ಕೆಂಪು ಬಣ್ಣದ ಬಾಟಲಿ ಫ್ರಿಜ್ಜಿನ ಮೂಲೆ ಸೇರಿತ್ತು. ಚೂರಿಯಕ್ಕ ಎರಡೂ ಬಣ್ಣ ಹಾಕಿದಳು. ಯಾರು ಹತ್ತಿದರು, ಯಾರು ಇಳಿದರು ಎಂದು ನೋಡುವುದಾದರೆ ಎಲ್ಲರನ್ನೂ ನೋಡಿಬಿಡೋಣ ಎನ್ನಿಸಿತ್ತು, ಅಷ್ಟೆ.

ಬುಧವಾರ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಬಣ್ಣಗಳನ್ನು ಹೊಳೆಯಿಸಿ ತೋರಿಸುವ ಸೂಕ್ಷ್ಮದರ್ಶಕ ಖಾಲಿಯಿತ್ತು. ಆಕೆ ಕಿಟಕಿಗೆ ಕಪ್ಪು ಪರದೆ ಎಳೆದು ಕೂತಳು. ಕತ್ತಲೆಯಲ್ಲಿ ಕರುಳಿನ ಉಂಗುರ ಮಂಕಾಗಿ ಮೂಡಿತು. ಮೋಟು ಬೆರಳುಗಳು, ಅರ್ಧಕ್ಕರ್ಧ ಕುಸಿದ ಕುಳಿಗಳು. ಅಲ್ಲಲ್ಲಿ ಕೆಂಪು ಕಾಣಿಸಿತು, ಎಲ್ಲವೂ ಬೆರಳುಗಳ ತುದಿಯ ಹತ್ತಿರ, ಇನ್ನೇನು ಉದುರುವಂಥವು. ಬುಡದಲ್ಲಿ ಏನೂ ಇಲ್ಲ. ಒಂದನೇ ಪದರ, ಎರಡನೆಯದು, ಮೂರು. ಹದಿನೇಳು. ಮೂವತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎನ್ನುತ್ತಾರಲ್ಲ, ಹಾಗೆ ನೋಡಿದಳು.

ನಲವತ್ತೆರಡನೇ ಪದರದಲ್ಲಿ ಒಂದು ಕುಳಿಯ ತಳದಲ್ಲಿ ಕೆಂಪು ಚುಕ್ಕೆ ಇತ್ತು.

ಧೂಳಿರಬೇಕೆಂದು ಮೊದಲು ಅನ್ನಿಸಿತು. ಗಾಜು ಸರಿಸಿ ನೋಡಿದಳು. ಚುಕ್ಕೆ ಕೋಶದ ಜೊತೆಗೇ ಸರಿಯಿತು. ಬಣ್ಣ ಸೋಸುವ ಗಾಜು ಬದಲಿಸಿ ಹಸಿರಿಗೆ ತಿರುಗಿಸಿದಳು. ಅದೇ ಜಾಗದಲ್ಲಿ, ಅದೇ ಕೋಶದ ಅಂಚಿನಲ್ಲಿ, ಇದ್ದೂ ಇಲ್ಲದ ಹಾಗೆ ತೆಳು ಹಸಿರು. ನಲವತ್ತೊಂದನೇ ಪದರದಲ್ಲಿ ಏನೂ ಇಲ್ಲ. ನಲವತ್ತಮೂರರಲ್ಲಿ ಅಂಥವೇ ಎರಡು, ಪಕ್ಕಪಕ್ಕದಲ್ಲಿ, ಈಗತಾನೇ ಒಂದು ಎರಡಾದಂತೆ. ನಲವತ್ತನಾಲ್ಕರಲ್ಲಿ ಒಂದು. ನಲವತ್ತೈದರಲ್ಲಿ ಮತ್ತೆ ಖಾಲಿ.

ಆಕೆ ಕುರ್ಚಿಯಿಂದ ಹಿಂದಕ್ಕೆ ಒರಗಿದಳು. ಮೇಲಕ್ಕೆ ಹೋಗಬೇಕಾದವನು ಕೆಳಗೆ ಬಂದು ಕೂತಿದ್ದಾನೆ. ಕೂತದ್ದು ಮಾತ್ರವಲ್ಲ, ತಾಯಿಯ ಹಸಿರು ಉಟ್ಟಿದ್ದಾನೆ. ಹೆರುವುದಕ್ಕೂ ಶುರುಮಾಡಿದ್ದಾನೆ. ಯಾರಿಗಾದರೂ ಹೇಳಬೇಕು ಎನ್ನಿಸಿ ಸುತ್ತ ನೋಡಿದಳು. ಕತ್ತಲೆ ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಫೋನ್ ತೆಗೆದು ಅತ್ತೆಗೆ ಮಾಡಿದಳು.

"ಸಿಕ್ಕಿದ್ರು ಅತ್ತೆ."

"ಯಾರು? ಆ ಬೈದೋಳಾ?"

"ಅಲ್ಲ. ಅವಿತುಕೊಂಡಿದ್ದೋರು. ಆದ್ರೆ ಅವಿತುಕೊಂಡಿರಲಿಲ್ಲ. ಆಗ್ಲೇ ಹತ್ತಿ ಹೊರಟೋರು ವಾಪಸ್ ಇಳಿದು ಬಂದಿದಾರೆ."

"ಆಗ್ಲೇ ದೊಡ್ಡವಾಗಿರೋವು?"

"ಅರ್ಧ ದೊಡ್ಡವಾಗಿರೋವು."

"ಅವಕ್ಕೆ ಹೆರೋದು ಮರೆತು ಹೋಗಿರಲ್ವಾ?"

"ಇಲ್ಲ ಅಂತ ಕಾಣುತ್ತೆ."

"ಕಾಣುತ್ತೆ ಅಂದ್ರೆ ಸಾಲದು. ಎಷ್ಟು ಸಿಕ್ಕಿದ್ವು?"

"ಒಂದು."

"ಒಂದು ಸಿಕ್ಕಿದ್ರೆ ಅದು ಆಕಸ್ಮಿಕ ಕಣೇ. ಇನ್ನೂ ಹುಡುಕು. ಫೋನ್ ಇಡು, ನಂಗೆ ಬಚ್ಚಲಿಗೆ ಹೋಗ್ಬೇಕು."

ಚೂರಿಯಕ್ಕ ಹುಡುಕಿದಳು. ನೂರಿಪ್ಪತ್ತು ಪದರಗಳಲ್ಲಿ ಹೆಚ್ಚುಕಡಿಮೆ ಸಾವಿರ ಕುಳಿಗಳಿದ್ದವು. ಅವುಗಳಲ್ಲಿ ಹನ್ನೊಂದರ ತಳದಲ್ಲಿ ಕೆಂಪು ಸಿಕ್ಕಿತು. ನೂರಕ್ಕೆ ಒಂದು, ನಾಲ್ಕನೇ ದಿನಕ್ಕೆ ಇನ್ನೂ ಆರಂಭವಷ್ಟೇ. ಹತ್ತರಲ್ಲಿ ಒಂದೇ ಪದರ ನೋಡುತ್ತಿದ್ದವರ ಕಣ್ಣಿಗೆ ಅದು ಬೀಳದೇ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಗುರುವಾರ ಏಳನೇ ದಿನದ ಗಟ್ಟಿಯನ್ನು ಸೀಳಿದಳು. ಅಲ್ಲಿ ಚುಕ್ಕೆಯಲ್ಲ, ಪಟ್ಟೆಯೇ ಇತ್ತು. ಕುಳಿಯ ತಳದಿಂದ ಹೊರಟು, ಗೋಡೆ ಹಿಡಿದು, ಹೊಸದಾಗಿ ಎದ್ದ ಬೆರಳಿನ ತುದಿಯ ತನಕ ಕೆಂಪಿನ ಅಖಂಡ ಪಟ್ಟೆ. ಒಂದೇ ಅಜ್ಜಿಯ ಸಂತಾನ.

ಅದನ್ನು ನೋಡಿದಾಗ ಆಕೆಗೆ ಖುಷಿಗಿಂತ ಮೊದಲು ಅನುಮಾನ ಬಂತು. ಇಷ್ಟು ವರ್ಷ ಸಂಶೋಧಕರ ಜಗಳಗಳನ್ನು ಬಾಗಿಲಾಚೆಯಿಂದ ಕೇಳಿದ್ದ ಫಲ ಅದು. ಕೆಂಪು ಗುರುತು ಮೊದಲಿಗೇ ತಪ್ಪಿ ತಾಯಿಕೋಶಕ್ಕೂ ಹತ್ತಿದ್ದರೆ? ಹಾಗಿದ್ದರೆ ಇದರಲ್ಲಿ ಸೋಜಿಗವೇನೂ ಇಲ್ಲ. ಪರೀಕ್ಷಿಸಲು ದಾರಿಯೊಂದಿತ್ತು. ಕೆಂಪು ಹಚ್ಚಿ, ವಿಕಿರಣ ಕೊಡದೆ ಬಿಟ್ಟ ಇಲಿಗಳ ಗಟ್ಟಿಗಳೂ ಕಪಾಟಿನಲ್ಲಿದ್ದವು. ಊಟ ಬಿಟ್ಟು ಅವನ್ನೂ ಸೀಳಿದಳು. ಏಳನೇ ದಿನಕ್ಕೆ ಅವುಗಳಲ್ಲಿ ಕೆಂಪು ಹೇಳಹೆಸರಿಲ್ಲ. ಎಲ್ಲವೂ ಮೇಲೇರಿ ಉದುರಿಹೋಗಿದ್ದವು, ಒಂದೂ ಹಿಂದಿರುಗಿ ಬಂದಿರಲಿಲ್ಲ. ಪೆಟ್ಟು ಬಿದ್ದಲ್ಲಿ ಮಾತ್ರ ಅವು ತಿರುಗಿ ಬರುತ್ತಿದ್ದವು.

ಗುರುವಾರ ಸಂಜೆ ಆಕೆ ತಟ್ಟೆ ಹಿಡಿದು ಮೂರನೇ ಮಹಡಿಗೆ ಹತ್ತಿದಳು. ಗಡಿಬಿಡಿ ಮೇಡಂ ಕಂಪ್ಯೂಟರಿನೆದುರು ತಲೆ ಹಿಡಿದುಕೊಂಡು ಕೂತಿದ್ದಳು.

"ಸೀಳಿದ್ರಾ ಅಕ್ಕಾ?"

"ಸೀಳಿದೀನಿ. ಚೀಟಿ ಸರಿಯಾಗೇ ಇದೆ. ಬನ್ನಿ, ತೋರಿಸ್ತೀನಿ."

"ನನಗೆ ಈಗ ಟೈಮಿಲ್ಲ..."

"ನಿಮಗೆ ಯಾವತ್ತಿದೆ? ಐದು ನಿಮಿಷ. ನಿಂತ್ಕೊಂಡಲ್ಲ, ಕೂತು ನೋಡ್ಬೇಕು."

ಮೇಡಂ ಕೂತಳು. ನಲವತ್ತೆರಡನೇ ಪದರ ನೋಡಿ, "ಬಣ್ಣ ಸೋರಿರಬೇಕು," ಎಂದಳು. ಚೂರಿಯಕ್ಕ ನಲವತ್ತಮೂರನ್ನು ಇಟ್ಟಳು. ಆಮೇಲೆ ನಲವತ್ತನಾಲ್ಕು. ಆಮೇಲೆ ಏಳನೇ ದಿನದ ಪಟ್ಟೆ. ಮೇಡಂ ಕಾಲು ಅಲ್ಲಾಡಿಸುವುದು ನಿಂತಿತು. ಸುಮಾರು ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ವಿಕಿರಣ ಕೊಡದೇ ಇರೋ ಇಲಿಗಳಲ್ಲಿ?"

ಚೂರಿಯಕ್ಕ ಕೊನೆಯ ಗಾಜನ್ನು ಇಟ್ಟಳು.

ಗೋಡೆ ಗಡಿಯಾರದಲ್ಲಿ ಐದು ನಿಮಿಷ ಹೋಗಿ ನಲವತ್ತಾಗಿತ್ತು. ಮೇಡಂ ಪರದೆ ಸರಿಸಿದಳು. ಕಣ್ಣ ಸುತ್ತ ಸೂಕ್ಷ್ಮದರ್ಶಕದ ರಬ್ಬರಿನ ಅಚ್ಚು ಒತ್ತಿಕೊಂಡು ಗೂಬೆಯ ಹಾಗೆ ಕಾಣುತ್ತಿದ್ದಳು.

"ಬೇರೆ ಕಡೆ ಕೆಲವರು ಹೀಗಾಗಬಹುದು ಅಂತ ಬರೆದಿದ್ದು ಓದಿದೀನಿ ಅಕ್ಕಾ. ಈ ಜಾತಿ ಕೋಶದಲ್ಲಿ, ನಮ್ಮ ಇಲಿಗಳಲ್ಲಿ, ನಮ್ಮ ಕಣ್ಣೆದುರಿಗೇ ಇದೆ ಅಂತ ನನಗೆ ಹೊಳೀಲೇ ಇಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಿದೆ. ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಂಡೆ, ಬಿಡಿ. ಒಳ್ಳೆ ಕರುಳು ನನ್ನದು, ಅರಗಿಸ್ಕೊಳ್ಳುತ್ತೆ. ಬಾಗಿಲು ಮಾತ್ರ ಇನ್ನು ಮೇಲೆ ಮೆಲ್ಲಗೆ ತೆಗೀರಿ."

ಶುಕ್ರವಾರ ದೊಡ್ಡ ಸಾರ್ ಎದುರಿಗೆ ಮೇಡಂ ಆ ಚಿತ್ರಗಳನ್ನೆಲ್ಲ ತೋರಿಸಿದಳು. ಕಂಡುಹಿಡಿದವರು ಯಾರು, ಹತ್ತರಲ್ಲಿ ಒಂಬತ್ತು ಬಿಸಾಡಬಾರದೆಂದು ಹೊಳೆದದ್ದು ಯಾರಿಗೆ ಎಂಬುದನ್ನೂ ನುಂಗಿಕೊಳ್ಳದೆ ಹೇಳಿದಳು. ದೊಡ್ಡ ಸಾರ್ ಮುಂದಿನ ಸಾಲಿನಿಂದ ತಿರುಗಿ, ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಚೂರಿಯಕ್ಕನ ಕಡೆ ನೋಡಿ, "ಆ ಗಾಜುಗಳನ್ನ ಬೀಗ ಹಾಕಿ ಇಡಿ," ಅಂದರು. ಅಷ್ಟು ಹೊಗಳಿಕೆ ಅವರ ಬಾಯಿಂದ ಬಂದದ್ದೇ ಹೆಚ್ಚೆಂದು ಕಾರಿಡಾರಿನಲ್ಲಿ ಎರಡು ದಿನ ಮಾತಾಯಿತು.

ಮನೆಯಲ್ಲಿ ಆ ಹೊತ್ತಿಗೆ ಅತ್ತೆಯ ಭೇದಿ ದಿನಕ್ಕೆ ಹನ್ನೆರಡರಿಂದ ಐದಕ್ಕೆ ಇಳಿದಿತ್ತು. ಶನಿವಾರ ಬೇಯಿಸಿದ ಆಲೂಗಡ್ಡೆ ಹಿಸುಕಿ ಕೊಟ್ಟರೆ ಪೂರ್ತಿ ತಿಂದು, ಉಪ್ಪು ಕಮ್ಮಿ ಎಂದರು. ಉಪ್ಪು ಕಮ್ಮಿ ಎಂಬ ಮಾತು ಕೇಳಿ ಗಂಡ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡು ಬಂದ.

ಮಧ್ಯಾಹ್ನ ಅತ್ತೆ ಸೊಸೆಯನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡರು.

"ನನ್ನ ಒಳಗೂ ಹಾಗೇ ನಡೀತಿದೆಯಾ? ವಾಪಸ್ ಇಳಿದು ಬರೋದು?"

"ಗೊತ್ತಿಲ್ಲ ಅತ್ತೆ. ಇಲೀಲಿ ನೋಡಿದ್ದು ಇಲೀಗೆ. ನಿಮಗೆ ಕೊಟ್ಟಿದ್ದು ದಿನಕ್ಕೆ ಇಷ್ಟಿಷ್ಟೇ, ಅಳತೆ ಮಾಡಿ. ನಿಮ್ಮವು ಎಲ್ಲಾ ಸತ್ತಿರಲಿಕ್ಕಿಲ್ಲ, ಉಳಿದವೇ ಹೆರ್ತಿರಬಹುದು. ಮನುಷ್ಯರ ಕರುಳಲ್ಲಿ ಏನಾಗುತ್ತೆ ಅಂತ ನಾನು ಸೀಳಿ ನೋಡಿಲ್ಲ."

"ಸದ್ಯ!" ಎಂದರು ಅತ್ತೆ. "ಇಷ್ಟು ವರ್ಷ ಒಂದೇ ಮನೇಲಿದ್ದು ಅದೊಂದು ಮಾಡದೇ ಬಿಟ್ಟಿದೀಯಲ್ಲ."

ಇಬ್ಬರೂ ನಕ್ಕರು. ನಗುವಾಗ ಅತ್ತೆ ಹೊಟ್ಟೆ ಹಿಡಿದುಕೊಂಡರು, ನೋವಿಗೂ ಹೌದು, ನಗುವಿಗೂ ಹೌದು.

"ಉಳಿದ ಒಂಬತ್ತು ತಗೋತೀನಿ," ಎಂದರು ಆಮೇಲೆ. "ನಿನ್ನ ಇಲಿ ಮಾತು ಕೇಳಿ ಅಲ್ಲ ಕಣೇ. ವಾಸಿಯಾಗ್ತಾ ಇದೆ ಅಂತ ನನಗೇ ಗೊತ್ತಾಗ್ತಿದೆ. ಮತ್ತೆ ಸುಟ್ಟರೆ ಮತ್ತೆ ಬರುತ್ತಾ ಅಂತ ನೋಡೋ ಆಸೆ. ಆದ್ರೆ ಡಾಕ್ಟರಿಗೆ ಹೇಳು, ಈ ಸಲ ಹೊಟ್ಟೆ ನುಲಿಯೋಕೆ ಶುರುವಾದ ದಿನವೇ ಮಾತ್ರೆ ಕೊಡ್ಬೇಕು. ತಡ ಮಾಡಿದ್ರೆ ಎದ್ದು ಬಂದ್ಬಿಡ್ತೀನಿ."

ಒಂಬತ್ತು ಸುಲಭವಾಗಿ ಮುಗಿಯಲಿಲ್ಲ. ಆರನೆಯದಾದ ಮೇಲೆ ಮತ್ತೆ ನುಲಿತ ಬಂತು, ಮತ್ತೆ ಎರಡು ದಿನ ಬಿಡುವು ಕೊಟ್ಟರು. ಈ ಸಲ ಅತ್ತೆ ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಬದಲಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಷ್ಟನೇ ದಿನಕ್ಕೆ ಕಡಿಮೆಯಾಯಿತು ಎಂದು ಬರೆದಿಟ್ಟರು. ಮೊದಲ ಸಲಕ್ಕಿಂತ ಒಂದು ದಿನ ಬೇಗ ಎಂದು ವೈದ್ಯರಿಗೆ ತೋರಿಸಿದರು. ವೈದ್ಯರು ಆ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡರು. ಎರಡು ತಿಂಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಗಡ್ಡೆ ಕಾಣಿಸಲಿಲ್ಲ. ವರ್ಷಕ್ಕೆ ನಾಲ್ಕು ಸಲ ಬಂದು ತೋರಿಸಬೇಕು, ಹೊಟ್ಟೆ ಇನ್ನು ಮೇಲೆ ಸ್ವಲ್ಪ ಸೂಕ್ಷ್ಮವೇ ಎಂದರು.

ಅದಾದ ವಾರ ಅತ್ತೆ ಸಂಶೋಧನಾಲಯಕ್ಕೆ ಬಂದರು. ತಾನಾಗಿಯೇ ಹಟ ಹಿಡಿದು ಬಂದದ್ದು. ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಕಡೆ ಕೂತರು. ಗಡಿಬಿಡಿ ಮೇಡಂ ತಾನೇ ಕುರ್ಚಿಯ ಎತ್ತರ ಸರಿಮಾಡಿ, ಪರದೆ ಎಳೆದು, ಏಳನೇ ದಿನದ ಗಾಜನ್ನಿಟ್ಟಳು. ಅತ್ತೆ ಕನ್ನಡಕ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ಕೊನೆಗೆ ಒಂದು ಕಣ್ಣು ಮುಚ್ಚಿ ನೋಡಿದರು.

"ಕೆಳಗಡೆ ಇದೆಯಲ್ಲ, ಅದೇನಾ ತಿರುಗಿ ಬಂದಿದ್ದು?"

"ಅದೇ ಅಮ್ಮ," ಎಂದಳು ಮೇಡಂ. "ಮೇಲಿರೋ ಪಟ್ಟೆಯೆಲ್ಲಾ ಅದರ ಮಕ್ಕಳು ಮೊಮ್ಮಕ್ಕಳು."

ಅತ್ತೆ ತುಂಬಾ ಹೊತ್ತು ನೋಡಿದರು. ಚಕ್ರ ತಿರುಗಿಸಿ ಪಟ್ಟೆಯನ್ನು ಮೇಲಿನ ತನಕ ಹಿಂಬಾಲಿಸಿದರು, ಮತ್ತೆ ಕೆಳಗಿಳಿದರು. ಚೂರಿಯಕ್ಕ ಪಕ್ಕದಲ್ಲೇ ನಿಂತು, ಗಾಜಿಗೆ ಲೆನ್ಸು ತಾಗದಂತೆ ಕೈ ಅಡ್ಡ ಹಿಡಿದಿದ್ದಳು.

"ಕೆಳಗೆ ಜಾಗ ಖಾಲಿಯಾಯ್ತು ಅಂತ ಇದಕ್ಕೆ ಹೇಳಿದ್ಯಾರು?" ಎಂದರು ಅತ್ತೆ.

ಮೇಡಂ ಚೂರಿಯಕ್ಕನ ಕಡೆ ನೋಡಿದಳು.

"ಸತ್ತ ಕೋಶಗಳೇ ಏನೋ ಬಿಡ್ತವೆ ಅಂತ ಕೆಲವರು ಹೇಳ್ತಾರೆ. ಕುಳಿ ಹೊರಗಡೆ ಸುತ್ತ ಇರೋ ಕೋಶಗಳು ಹೇಳ್ತವೆ ಅಂತ ಇನ್ನು ಕೆಲವರು. ಸರಿಯಾಗಿ ನಂಗೂ ಗೊತ್ತಿಲ್ಲ ಅಮ್ಮ."

"ಹೊರಗಡೆ ಸುತ್ತ ಇರೋದು ಯಾರು ಅಂತ ನೋಡಿದೀರಾ?"

"ಇಲ್ಲ. ನಾವು ಕುಳಿ ಒಳಗೇ ನೋಡ್ತಿದ್ವಿ."

ಚೂರಿಯಕ್ಕ ಲೆಕ್ಕ ಹಾಕುತ್ತಿದ್ದಳು. ಕುಳಿಯ ಹೊರಗಡೆಯದೂ ಸೇರಬೇಕೆಂದರೆ ಗಟ್ಟಿಯನ್ನು ಅಡ್ಡಡ್ಡ ಸೀಳಬೇಕು, ಈಗಿನಂತೆ ಉದ್ದುದ್ದ ಅಲ್ಲ. ಮೇಣ ಸ್ವಲ್ಪ ಗಡುಸಾಗಿರಬೇಕು, ಇಲ್ಲದಿದ್ದರೆ ಹೊರಪದರ ಹರಿಯುತ್ತದೆ. ವಿಕಿರಣ ಕೊಟ್ಟು ಮೂರೂವರೆ ದಿನವಾದ ಇಲಿಗಳು ಬೇಕು, ಅಂಥವು ಈಗ ಇಲ್ಲ.

"ಹೊಸ ಗುಂಪು ಯಾವಾಗ ಸಿಗುತ್ತೆ ಮೇಡಂ?" ಎಂದು ಕೇಳಿದಳು.

"ಮುಂದಿನ ತಿಂಗಳು."

"ಸರಿ. ಅಷ್ಟರಲ್ಲಿ ನಾನು ಹಳೇ ಗಟ್ಟಿ ಮೇಲೆ ಅಡ್ಡ ಸೀಳಿ ಕೈ ಪಳಗಿಸ್ಕೋತೀನಿ."

ಅತ್ತೆ ಇನ್ನೂ ಕಣ್ಣು ತೆಗೆದಿರಲಿಲ್ಲ. "ಇದರ ಪಕ್ಕದ ಗಾಜು ಹಾಕು," ಎಂದರು.